ಕೊನೆಯ ರೈಡಿನ ಅಂಬಾ

ದನಗಳಿಗೆ ಕಾಲುಬಾಯಿ ಜ್ವರ ಬಂದರೆ ಹಾಲು ಕರೆದವರಿಗೂ ತಗುಲಿ, ಒಂದು ವಾರ ಬಾಯಲ್ಲಿ 'ಅಂಬಾ' ಬಿಟ್ಟು ಬೇರೆ ಮಾತು ಹೊರಡದಿರುವುದು ಈಗ ನೆಗಡಿಯಷ್ಟೇ ಮಾಮೂಲಿ. ಅಂಗಡಿಯವರು ಅಂಬಾ ಕೇಳಿಯೇ ಉಪ್ಪೋ ಸಕ್ಕರೆಯೋ ಕಟ್ಟಿಕೊಡುತ್ತಾರೆ. ತೊಂದರೆಯಾದದ್ದು ಕಬಡ್ಡಿಗೆ.

ರೆಫರಿ ಶಿವನಂಜಪ್ಪ ಮೇಷ್ಟ್ರು ಬೆವರುತ್ತಿದ್ದರು. ಮಗಳನ್ನು ಕೆರೆಕೋಡಿಗೆ ಕೊಟ್ಟಿದ್ದರು, ಸೊಸೆಯನ್ನು ಕೊಪ್ಪಲಿನಿಂದ ತಂದಿದ್ದರು. ಹೆಂಗಸರ ಫೈನಲ್ಲು ಆ ಎರಡೂರಿನ ನಡುವೆಯೇ ಬಿದ್ದಿತ್ತು. ಅಂಕ ಸಮ, ಕೊನೆಯ ರೈಡು. ಕೆರೆಕೋಡಿಯ ಚಿಕ್ಕತಾಯಿ "ಅಂಬಾ, ಅಂಬಾ" ಎನ್ನುತ್ತ ನುಗ್ಗಿದಳು.

"ಮೇಷ್ಟ್ರೇ, ಅವ್ಳು ಕಬಡ್ಡಿ ಅಂತಿಲ್ಲ," ಎಂದಳು ಕೊಪ್ಪಲಿನ ನಾಯಕಿ ಪುಟ್ಟಮ್ಮಣ್ಣಿ.

"ಜ್ವರ ಕಣವ್ವ. ಉಸುರು ಬಿಡದಿದ್ರೆ ಆಯ್ತು."

ಚಿಕ್ಕತಾಯಿ ಪುಟ್ಟಮ್ಮಣ್ಣಿಯ ಭುಜ ಮುಟ್ಟಿ ತಿರುಗಿದಳು. ಪುಟ್ಟಮ್ಮಣ್ಣಿ ಅವಳ ಕಾಲು ಹಿಡಿದಳು. ಒಂದೇ ಅಂಬಾವನ್ನು ಎಳೆಯುತ್ತ ಚಿಕ್ಕತಾಯಿ ನಡುಗೆರೆಯತ್ತ ತೆವಳುತ್ತಿದ್ದಾಗ, ರೋಗವೆಂದು ಕೊಟ್ಟಿಗೆಗಳಲ್ಲಿ ಕಟ್ಟಿಹಾಕಿದ್ದ ಊರಿನ ಹಸುಗಳೆಲ್ಲ ಅವಳಿಗೆ ಓಗೊಟ್ಟವು. ಬೆರಳು ಗೆರೆ ಮುಟ್ಟಿತು ನಿಜ. ಅಷ್ಟರೊಳಗೆ ಅವಳ ಉಸಿರು ಮುಗಿದು ಯಾವುದೋ ಹಸುವಿನದು ಶುರುವಾಗಿತ್ತೋ ಏನೋ, ಮೇಷ್ಟ್ರಿಗೆ ತಿಳಿಯಲಿಲ್ಲ.

"ಉಸುರು ಬಿಟ್ಲು," ಎಂದರು ಕೊಪ್ಪಲಿನವರು.

"ಬಿಡ್ನಿಲ್ಲ. ನಮ್ ಬೀಗ್ರು ನ್ಯಾಯ ಹೇಳ್ತಾರೆ, ಸುಮ್ಕಿರಿ."

"ನಮ್ಗೂ ಬೀಗ್ರೇ ಕಣಯ್ಯ ಅವ್ರು."

ಕೇಳಿಸಲಿಲ್ಲವೆಂದು ಒಪ್ಪಿಕೊಂಡು ಮತ್ತೊಮ್ಮೆ ಆಡಿಸುವುದೇ ಸರಿ ಎಂದು ಮೇಷ್ಟ್ರು ನಿರ್ಧರಿಸಿದರು. ಸೀಟಿ ಊದಿ, ಗಂಟಲು ಸರಿಮಾಡಿಕೊಂಡು ತೀರ್ಪು ಹೇಳಿದರು.

"ಅಂಬಾ."

ಹೆಂಡತಿ ಮಲಗಿದ್ದಾಳೆಂದು ಬೆಳಗ್ಗೆ ತಾವೇ ಎಮ್ಮೆ ಕರೆದದ್ದು ಅವರಿಗೆ ಆಗ ನೆನಪಾಯಿತು.

ಎರಡೂರಿನವರೂ ಗೆದ್ದೆವೆಂದು ಕುಣಿಯುತ್ತ ಅವರನ್ನು ಹೆಗಲಿಗೇರಿಸಿಕೊಂಡರು. ಮೇಷ್ಟ್ರು ಮೇಲಿನಿಂದ ತಿದ್ದಿ ಹೇಳಲು ನೋಡಿದಷ್ಟೂ ಕುಣಿತ ಜೋರಾಯಿತು.