ಅರವತ್ತನೇ ಕಂತು

ಹಾಲಿಗೆ ವಿಷ ಹಾಕಿದವಳು ಅತ್ತಿಗೆಯೇ ಎಂದು ಪ್ರಹ್ಲಾದ ಮಾಸ್ತರರಿಗೆ ಮೊದಲನೇ ಕಂತಿನಲ್ಲೇ ಗೊತ್ತಾಗಿಹೋಯಿತು. ಲೋಟ ಹಿಡಿದು ಕ್ಯಾಮೆರಾದ ಕಡೆ ತಿರುಗಿ ಹಲ್ಲು ಕಿರಿಯುವವಳು ಸಕ್ಕರೆ ಹಾಕುತ್ತಾಳೆಯೇ? ಅವರು ಫೋನಿನಿಂದ ಕಣ್ಣು ತೆಗೆಯದೆ ಎಲೆಯ ಕಟ್ಟಿಗೆ ಕೈ ಹಾಕಿದರು. ಎರಡು ಎಲೆ ಒಟ್ಟಿಗೇ ಬಂದವು. ಎರಡರ ತೊಟ್ಟನ್ನೂ ಒಂದೇ ಸಲಕ್ಕೆ ಉಗುರಿನಿಂದ ಚಿವುಟಿ ತಾಟಿಗೆ ಒಗೆದು, ಸುಣ್ಣ ಸವರಿ ಬಾಯಿಗಿಟ್ಟುಕೊಂಡರು.

ಧಾರಾವಾಹಿಯ ಹೆಸರು ‘ಕೋಟ್ಯಧಿಪತಿಯ ಮಗಳು, ಕಲ್ಲೆದೆಯ ಡಾಕ್ಟರ್’. ಫೋನನ್ನು ನೆಟ್ಟಗೆ ಹಿಡಿದು ನೋಡಬೇಕಾದ ಹೊಸ ಬಗೆಯ ಸರಕು. ನಿಮಿಷಕ್ಕೊಂದು ಕಂತು, ಕಂತಿಗೊಂದು ಕಪಾಳಮೋಕ್ಷ. ಪರದೆ ಎಷ್ಟು ಇಕ್ಕಟ್ಟೆಂದರೆ ನಾಯಕ ನಾಯಕಿ ಒಟ್ಟಿಗೆ ಹಿಡಿಸುವುದಿಲ್ಲ. ಒಬ್ಬರು ಅತ್ತು ಹೋದ ಮೇಲೆ ಇನ್ನೊಬ್ಬರು ಬರಬೇಕು.

ತೆಗೆದವನು ಸವಣೂರಿನಲ್ಲಿ ಮದುವೆ ವಿಡಿಯೊ ಮಾಡುವ ಮುಬಶೀರ. ಆ ಬೆಳಿಗ್ಗೆ ಬಸ್ಸು ಹತ್ತಿ ಹಿರೇಕೆರೂರಿಗೆ ಬಂದು ಮಾಸ್ತರರ ಕಟ್ಟೆಯ ಮೇಲೆ ಕೂತಿದ್ದ. ಐವತ್ತೊಂಬತ್ತು ಕಂತು ಮುಗಿದಿವೆ, ಅರವತ್ತನೆಯದು ಬಾಕಿ. ಬಿಟ್ಟು ಹೋದ ನಾಯಕ ತಿರುಗಿ ಬಂದರೆ ಮದುವೆ. ಬರದಿದ್ದರೆ ನಾಯಕಿ ಬಾಗಿಲು ಹಾಕಿಕೊಂಡು ಊರನ್ನೇ ಬಿಟ್ಟು ಹೋಗುತ್ತಾಳೆ. ಎರಡರಲ್ಲಿ ಯಾವುದೆಂಬುದನ್ನು ಕಥೆ ಬರೆದ ಮೇಡಂ ಮಾಸ್ತರರ ವಿಮರ್ಶೆಗೇ ಬಿಟ್ಟಿದ್ದಾರಂತೆ.

“ಅವರು ಹೆಂಗ ಬರೀತಾರ, ಹಂಗ ಮಾಡೂಣು ಅಂದಾರ್ರಿ ಸರ,” ಎಂದು ಮುಬಶೀರ ಎಲೆಯ ಕಟ್ಟನ್ನು ಮುಂದಿಟ್ಟು, ಇದನ್ನೂ ಅವರೇ ಕೊಟ್ಟು ಕಳಿಸಿದ್ದು ಎಂದು ಹೇಳಿ ಹೋಗಿದ್ದ.

ಲಂಚ! ಅದೂ ಎಲೆಯ ಲಂಚ. ಬರೆದವಳು ಯಾರೋ ಕಾಲೇಜು ಹುಡುಗಿ, ಇನ್ನೂ ಹಾಲುಗಲ್ಲದವಳು ಎಂದು ಮಾಸ್ತರರು ತೀರ್ಮಾನಿಸಿಬಿಟ್ಟರು. ಹದಿನೆಂಟು ವರ್ಷದಿಂದ ವಾರಪತ್ರಿಕೆಯಲ್ಲಿ ಅಂಕಣ ಬರೆಯುತ್ತಿದ್ದವರು. ಅವರ ಕೈಗೆ ಸಿಕ್ಕು ಬದುಕಿ ಹೋದ ನಾಟಕವಿಲ್ಲ, ಕವನವಿಲ್ಲ. ಇನ್ನು ಈ ಅಂಗೈಯಗಲದ ಗೋಳು ಯಾವ ಲೆಕ್ಕ?

ಎಲೆ ಮಾತ್ರ ಖರೇ ಸವಣೂರಿನದು. ಮೂವತ್ತೆರಡು ವರ್ಷದ ಹಿಂದೆ ಅಲ್ಲಿ ಮಾಸ್ತರಿಕೆ ಮಾಡುವಾಗ ಅವರು ಎಲೆತೋಟದ ಪರಮೇಶ್ವರಪ್ಪನವರ ಮಾಳಿಗೆಯಲ್ಲಿ ಬಾಡಿಗೆಗಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಮಗಳು ಸುಧಾರಾಣಿ ಎಲೆ ತಂದು ಕೊಟ್ಟು, ಬಾಗಿಲ ಹತ್ತಿರ ಸುಮ್ಮನೆ ನಿಲ್ಲುತ್ತಿದ್ದಳು. ಅವಳ ಬಾಯಿಂದ ಒಂದು ಮಾತು ಬಂದೀತೆಂದು ಎರಡು ವರ್ಷ ಕಾದರು. ವರ್ಗವಾಗಿ ಹೊರಟ ದಿನವೂ ಎಲೆ ಕೊಟ್ಟಳು, ನಿಂತಳು, ಮಾತಾಡಲಿಲ್ಲ. ಮಾಸ್ತರರು ಎಲೆ ಅಗಿಯುತ್ತ ಟ್ರಂಕು ಎತ್ತಿಕೊಂಡು ಬಂದುಬಿಟ್ಟರು. ಆಮೇಲೆ ಯಾವ ಹೆಣ್ಣನ್ನೂ ನೋಡಲು ಹೋಗಲಿಲ್ಲ. ಸಂಕಟ ಆರಿದರೂ ಸಿಟ್ಟು ಆರಿರಲಿಲ್ಲ.

ಹೋಗಲಿ, ಧಾರಾವಾಹಿಗೆ ಬರೋಣ. ಡಾಕ್ಟರ್ ಮಹಾಶಯ ರೋಗಿಯ ಹೊಟ್ಟೆ ಕೊಯ್ದಿಟ್ಟುಕೊಂಡು ನರ್ಸಿಗೆ ಅಲ್ಪಪ್ರಾಣ, ಮಹಾಪ್ರಾಣ ಹೇಳಿಕೊಡುತ್ತಾನೆ. ಎದುರಿಗೆ ಬಂದವರ ಮಾತಿನಲ್ಲೆಲ್ಲ ತಪ್ಪು ಹುಡುಕುತ್ತಾನೆ. ಇಂಥ ಕಿರಿಕಿರಿಯ ಮನುಷ್ಯನಲ್ಲಿ ಆ ಹುಡುಗಿ ಏನು ಕಂಡಳೋ ದೇವರೇ ಬಲ್ಲ. ಹೆಲಿಕಾಪ್ಟರ್ ಬಂತೆನ್ನುತ್ತಾರೆ, ಟೇಬಲ್ ಫ್ಯಾನಿನ ಗಾಳಿಗೆ ನಾಯಕಿಯ ಕೂದಲು ಹಾರುತ್ತದೆ. ನಲವತ್ತನೇ ಕಂತಿನಲ್ಲಿ ಅವಳಿಗೆ ನೆನಪು ಹೋಗಿ, ನಲವತ್ತೊಂದರಲ್ಲಿ ಬಂದು, ನಲವತ್ಮೂರರಲ್ಲಿ ಮತ್ತೆ ಹೋಗುತ್ತದೆ. ಮಾಸ್ತರರು ಒಂದೊಂದನ್ನೂ ಬರೆದುಕೊಳ್ಳುತ್ತ ಹೋದರು. ತಾಟಿನಲ್ಲಿ ತೊಟ್ಟುಗಳು ಸೇರುತ್ತ ಹೋದವು.

ಐವತ್ತೊಂಬತ್ತನೇ ಕಂತು. ಡಾಕ್ಟರ್ ವಿದೇಶಕ್ಕೆ ಹೊರಟಿದ್ದಾನೆ. ಕೋಟ್ಯಧಿಪತಿ ಅಪ್ಪ ಬಂದೂಕು ಹಿಡಿದು ಪಕ್ಕದಲ್ಲೇ ನಿಂತಿರುವುದರಿಂದ ನಾಯಕಿ ಬಾಯಿ ಬಿಡುವಂತಿಲ್ಲ. ಅವಳು ಎರಡು ವೀಳ್ಯದೆಲೆಗಳ ತೊಟ್ಟಿಗೆ ತೊಟ್ಟು ಗಂಟು ಹಾಕಿ ಬೆಳ್ಳಿ ತಟ್ಟೆಯಲ್ಲಿಟ್ಟು ಕೊಡುತ್ತಾಳೆ. ಡ್ರೈವರನ ಕನ್ನಡ ತಿದ್ದುವುದರಲ್ಲಿ ಮುಳುಗಿದ ಡಾಕ್ಟರ್, ನೋಡದೆಯೇ ತೊಟ್ಟು ಚಿವುಟಿ ಒಗೆದು ಎಲೆ ಬಾಯಿಗೆ ಹಾಕಿಕೊಂಡು ಕಾರು ಹತ್ತುತ್ತಾನೆ. ನೆಲಕ್ಕೆ ಬಿದ್ದ ಗಂಟನ್ನು ಕ್ಯಾಮೆರಾ ಢಂ ಢಂ ಢಂ ಎಂದು ಮೂರು ಸಲ ತೋರಿಸುತ್ತದೆ.

ಮಾಸ್ತರರು ನಕ್ಕ ರಭಸಕ್ಕೆ ಎಲೆಯ ರಸ ಅಂಗಿಯ ಮೇಲೆ ಬಿತ್ತು. ಅದನ್ನು ಒರೆಸಿಕೊಳ್ಳದೆಯೇ ಬರೆಯಲು ಕೂತರು.

‘ಇಷ್ಟು ದಡ್ಡ ಗಂಡಸು ಭೂಮಿಯ ಮೇಲೆ ಹುಟ್ಟಿಲ್ಲ. ಕೈಯಲ್ಲೇ ಇದ್ದ ಗಂಟು ಕಾಣದವನಿಗಾಗಿ ವರ್ಷಗಟ್ಟಲೆ ಕಾಯುವ ಹೆಂಗಸೂ ಹುಟ್ಟಿಲ್ಲ. ಅರವತ್ತನೇ ಕಂತಿನಲ್ಲಿ ಆತ ಬರಕೂಡದು. ನಾಯಕಿ ಬಾಗಿಲು ಹಾಕಿಕೊಂಡು ಹೋಗಲಿ. ನಮ್ಮ ಪೀಡೆಯೂ ತೊಲಗಲಿ.’

ಪತ್ರಿಕೆಗೊಂದು ಕಳಿಸಿ, ಮುಬಶೀರನಿಗೂ ಒಂದು ಕಳಿಸಿದರು. ಅರ್ಧ ತಾಸಿನಲ್ಲಿ ಅವನ ಫೋನು ಬಂತು. ಅತ್ತುಕೊಳ್ಳುತ್ತಾನೆಂದು ಮಾಸ್ತರರು ಕಾದಿದ್ದರು. ಅವನು ಅಳಲಿಲ್ಲ. ಮೇಡಂ ಎರಡೆರಡು ಸಲ ಓದಿಸಿಕೊಂಡರೆಂದ. ವಿಷ, ಬಂದೂಕು, ಹೆಲಿಕಾಪ್ಟರ್ ಎಲ್ಲ ತಾನು ಸೇರಿಸಿದ್ದು, ಎಲೆಯದೊಂದೇ ಅವರದು ಎಂದ. ಆ ಎಲೆಯದೇ ಎಲ್ಲಕ್ಕಿಂತ ಕೆಟ್ಟದ್ದೆಂದು ಮಾಸ್ತರರು ಹೇಳಿದರು.

ಮುಬಶೀರ, “ನಾ ಕಳಿಸಿದ ಎಲಿ ತಿಂದ್ರೇನು ಕೇಳು ಅನ್ನಾಕತ್ತಾರ್ರಿ ಸರ,” ಎಂದ.

“ತಿಂದೆನಪಾ. ತೊಟ್ಟು ತಗದು, ಸುಣ್ಣಾ ಹಚ್ಚಿ, ಬರೋಬ್ಬರಿ ತಿಂದೆ. ಛಲೋ ಅವ ಅಂತ ಹೇಳು.”

ಅದನ್ನು ಅವನು ಪಕ್ಕದಲ್ಲಿದ್ದವರಿಗೆ ಹೇಳಿದ್ದು ಕೇಳಿಸಿತು. ಆ ಕಡೆ ಬಾಗಿಲೊಂದು ಮೆಲ್ಲಗೆ ಹಾಕಿಕೊಂಡಿತು.

“ಆತ್ರಿ ಸರ,” ಎಂದ ಮುಬಶೀರ. “ನೀವು ಬರದಂಗ ತಗೀತೇನಿ. ಮೇಡಮ್ಮೂ ನಾಳಿಂದ ಈ ಊರಾಗ ಇರಂಗಿಲ್ಲಂತ.”

ಈ ಕಾಲದ ಹುಡುಗಿಯರಿಗೆ ಒಂದು ಟೀಕೆಯನ್ನೂ ತಾಳುವ ಎದೆಯಿಲ್ಲವೆಂದು ಗೊಣಗುತ್ತ ಮಾಸ್ತರರು ಎದ್ದರು. ತೊಟ್ಟುಗಳನ್ನು ಹಿತ್ತಿಲಿಗೆ ಚೆಲ್ಲಲೆಂದು ತಾಟನ್ನು ಎತ್ತಿ ಓರೆ ಮಾಡಿದರು.

ಎಲ್ಲ ಉದುರಿದ ಮೇಲೆ ತಳದಲ್ಲಿ ಎರಡು ತೊಟ್ಟು ಉಳಿದವು, ಒಂದಕ್ಕೊಂದು ಗಂಟು ಹಾಕಿದ್ದು.