ಅಣ್ಣನ ಬಾಯಿಗೆ ಬೀಳದ ನೀರು

ಹೊಸ ಹಲಗೆಗೆ ಬಳಿದ ವಾರ್ನಿಷಿನ ವಾಸನೆ ಬಂದರೆ ಇವತ್ತಿಗೂ ನಾನು ಅಲ್ಲಿಂದ ಎದ್ದು ಹೊರಗೆ ಹೋಗುತ್ತೇನೆ.

ಯುದ್ಧದಲ್ಲಿ ಸತ್ತ ಅಣ್ಣನನ್ನು ಬೇಗಂಪೇಟೆ ವಿಮಾನ ನಿಲ್ದಾಣಕ್ಕೆ ತಂದ ಮಧ್ಯಾಹ್ನ ನನಗೆ ಹನ್ನೊಂದು ವರ್ಷ. ಧ್ವಜ ಹೊದಿಸಿದ, ವಾರ್ನಿಷಿನ ವಾಸನೆ ಆರದ ಪೆಟ್ಟಿಗೆಯ ಸುತ್ತ ಜನ ಜೈಕಾರ ಹಾಕುತ್ತಿದ್ದರು. ಅವ್ವ ಮಾತ್ರ ಅವನ ಬಾಯಿಗೆ ಬಿಡಲು ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದಳು. ಅವಳಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ; ನನಗೆ ಶಾಲೆಯಲ್ಲಿ ಕಲಿತ ಹಿಂದಿ ಬರುತ್ತಿತ್ತು. ಸೇನೆಯ ಅಧಿಕಾರಿ ಬಗ್ಗಿ, ಪೆಟ್ಟಿಗೆ ತೆರೆಸಲೇ, ಮುಖ ನೋಡುತ್ತೀರಾ ಎಂದು ಹಿಂದಿಯಲ್ಲಿ ಕೇಳಿದರು.

"ಏನಂತಾರವಾ ಅವ್ರು?" ಅವ್ವ ನನ್ನತ್ತ ನೋಡಿದಳು.

ನನಗೆ ಆ ಮುಖ ನೋಡಲು ಹೆದರಿಕೆಯಾಗಿತ್ತು.

"ತೆಗ್ಯಾಕ ಬರೂದಿಲ್ಲಂತ, ಅವ್ವಾ."

"ಒಂದ್ ಹನಿ ನೀರಿಗೂ ಬ್ಯಾಡಂತಾರೇನ? ನಾ ಹಡದಾಕಿ ಅಂತ ಹೇಳವಾ."

ಅವ್ವನಿಗೆ ನೋಡುವುದು ಬೇಡವಂತೆ ಎಂದು ನಾನು ಅಧಿಕಾರಿಗೆ ಹಿಂದಿಯಲ್ಲಿ ಹೇಳಿದೆ. ಅವರು ಅವ್ವನಿಗೆ ಸೆಲ್ಯೂಟ್ ಹೊಡೆದು ಹಿಂದೆ ಸರಿದರು.

ಆಮೇಲೆ ವರ್ಷಕ್ಕೊಮ್ಮೆ ನಮ್ಮ ಕಾಲನಿಯವರು ಹುತಾತ್ಮನ ತಾಯಿ ಎಂದು ಅವ್ವನನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಿದ್ದರು. ಪ್ರತಿ ಸಲವೂ ಅವಳು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು.

"ಪೆಟಿಗ್ಯಾಗ ನಿಮ್ಮಣ್ಣನ ಇದ್ದ ಅಂತ ಯಾರ್ ಕಂಡಾರ? ಎಲ್ಲ್ಯಾರ ಇದ್ದಾನು, ಬರ್ತಾನು."

ಸಾಯುವ ವರ್ಷವೂ ಅದನ್ನೇ ಅಂದಳು. ನಾನು ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.