ಒಬ್ಬನಿಗೆ ಮೂರು ಪಿಕ್

ಇದನ್ನು ಏಕೆ ಮಾಡಿದೆನೆಂದು ಸುಮುಖ್‌ಗೆ ಗೊತ್ತಾದರೆ ಏನು ಗತಿ, ಎಂದು ಭಾವನಾ ಒಳಗೊಳಗೇ ಹೆದರಿದ್ದಳು. ಟಕ್ವಿಲಾ ಊರಿನ ಅವರ ಆಫೀಸಿನವರು ಸರದಿಯಂತೆ ನಿಜವಾದ ಆಟಗಾರರನ್ನು ಆರಿಸಿ ಫೋನಿನಲ್ಲೇ ತಂಡ ಕಟ್ಟುವ ಫುಟ್‌ಬಾಲ್ ಲೀಗದು. ಅವಳು ಮುಂದಿನ ವರ್ಷದ ತನ್ನ ಮೂರು ಡ್ರಾಫ್ಟ್ ಪಿಕ್‌ಗಳನ್ನು, ಅಂದರೆ ಆಟಗಾರರನ್ನು ಆರಿಸುವ ಮೂರು ಸರದಿಗಳನ್ನು, ಸುಮುಖ್‌ಗೆ ಕೊಟ್ಟು, ಅವನ ತಂಡದ ಒಬ್ಬನೇ ಒಬ್ಬ ಆಟಗಾರನನ್ನು ತೆಗೆದುಕೊಂಡಿದ್ದಳು.

"ಮೂರು ಪಿಕ್ ಸುರಿದು, ಮಂಡಿ ಆಪರೇಷನ್ ಆದೋನ್ನ ತಂದ್ಯಲ್ಲೇ ತಾಯಿ!" ಎಂದು ಸಹೋದ್ಯೋಗಿ ಶಾಲಿನಿ ಆಫೀಸಿನ ಊಟದ ಮೇಜಿನಲ್ಲಿ ಎಲ್ಲರನ್ನೂ ನಗಿಸಿದಳು.

ಸುಮುಖ್ ನಗಲಿಲ್ಲ. ಡಬ್ಬಿ ಎತ್ತಿಕೊಂಡು ಭಾವನಾಳ ಪಕ್ಕಕ್ಕೆ ಬಂದು ಕೂತ. "ಭಾವನಾ, ನಿಮಗೆ ಗೊತ್ತಿರ್ಲಿಲ್ಲ ಅನ್ಸತ್ತೆ. ನಂಗೇ ಒಂಥರಾ ಆಗ್ತಿದೆ. ಕ್ಯಾನ್ಸಲ್ ಮಾಡ್ಬಿಡ್ಲಾ?" ಅವನ ಹೆಬ್ಬೆರಳು ಆಗಲೇ ಫೋನಿನ ಮೇಲಿತ್ತು.

ಅವಳು ಆ ಬೆರಳನ್ನು ಮೆಲ್ಲಗೆ ಹಿಡಿದು ಪಕ್ಕಕ್ಕೆ ಸರಿಸಿದಳು.

"ಬೇಡ. ಮಂಡಿ ವಿಷಯ ಗೊತ್ತಿತ್ತು. ನಿಮ್ಮನ್ನ ಮಾತಾಡ್ಸೋಕೆ ನಂಗೆ ಬೇರೆ ನೆಪ ಸಿಗ್ಲಿಲ್ಲ."